ಲಗಮವ್ವ ಬರಿಯ ಉಡಿಯಲ್ಲಿ ಹಳ್ಳ ದಾಟಿದ್ದು

ಹುಣಸೀವಾಡಿಯ ಲಗಮವ್ವ ಬಾಯಿ ತೆರೆದರೆ ಮಹಾರಾಷ್ಟ್ರಕ್ಕೂ ಕೇಳುತ್ತಿತ್ತು. ಇದು ಬಣ್ಣ ಕಟ್ಟಿ ಹೇಳಿದ ಮಾತಲ್ಲ. ಅಥಣಿ ತಾಲೂಕಿನ ಆ ಪುಟ್ಟ ಊರು ಮುಗಿಯುವುದೇ ಒಂದು ಹಳ್ಳದಲ್ಲಿ. ಹಳ್ಳ ದಾಟಿದರೆ ಪಿಂಪಳವಾಡಿ: ರಾಜ್ಯ ಬೇರೆ, ಪೊಲೀಸರು ಬೇರೆ, ಬಸ್ಸಿನ ಬೋರ್ಡು ಬೇರೆ. ಈ ದಂಡೆಯಲ್ಲಿ ಕುರಿ ಮೇಯಿಸುತ್ತ ಲಗಮವ್ವ ಹೋತವನ್ನು ಬೈದರೆ, ಆ ದಂಡೆಯಲ್ಲಿ ಎತ್ತು ಹೂಡಿ ಗಳೆ ಹೊಡೆಯುತ್ತಿದ್ದ ಅವಳ ಅಣ್ಣ ಜಕ್ಕಪ್ಪ, "ಬೆಳಬೆಳಿಗ್ಗೆ ಅದೇನ್ ಮಾಡೈತಿ ಬೇ ನಿನಗ?" ಎಂದು ಅಲ್ಲಿಂದಲೇ ನಗುತ್ತಿದ್ದ. ತವರು ಅಷ್ಟು ಹತ್ತಿರ. ಮುಂದೆ ಇದೇ ಬಾಯಿಯನ್ನು ಕೇಳಲು ರಾಯಬಾಗ, ಚಿಕ್ಕೋಡಿ ಕಡೆಯ ಹೆಣ್ಣುಮಕ್ಕಳು ಅವಳನ್ನು ತಮ್ಮ ಊರುಗಳಿಗೆ ಕರೆಸಿಕೊಂಡರು. ಹಾಗೆ ಕರೆಸಿಕೊಳ್ಳುವಂಥದ್ದೇನು ಮಾಡಿದಳು ಅಂತ ಕೇಳಿದರೆ, ಒಂದು ಪಂಚಮಿಯ ಕತೆ ಹೇಳಬೇಕಾಗುತ್ತದೆ.

ತಂದೆ ತಾಯಿ ಬೇಗ ಹೋದದ್ದರಿಂದ ಜಕ್ಕಪ್ಪನೇ ತಂಗಿಯನ್ನು ಬೆಳೆಸಿ, ಹುಣಸೀವಾಡಿಯ ಮಾಳಸಿದ್ದನಿಗೆ ಕೊಟ್ಟು ಲಗ್ನ ಮಾಡಿದವನು. ಮಾಳಸಿದ್ದ ಕೆಟ್ಟವನಲ್ಲ. ಕುರಿಯ ಉಣ್ಣೆ ಕತ್ತರಿಸಲು ಅವನೇ ಬೇಕು ಎಂದು ಸುತ್ತಲಿನ ಊರವರು ಕಾಯುತ್ತಿದ್ದರು. ಹೆಂಡತಿಗೆ ಒಂದು ದಿನ ಕೈ ಎತ್ತಿದವನಲ್ಲ. ಆದರೆ ಸಾರಾಯಿ ಅವನನ್ನು ಕುಡಿಯುತ್ತಿತ್ತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಾರಾಯಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರಲು ಶುರುವಾಗಿತ್ತು ನೋಡಿ, ಅಲ್ಲಿಂದ ಕೆಟ್ಟಿತು. ಮೊದಲಾದರೆ ಅಂಗಡಿಗೆ ಹೋಗಿ ಕುಡಿದು ಬರಬೇಕಿತ್ತು. ಈಗ ಪಾಕೀಟು ತಲೆಯ ಪಟಕಾದ ಸುತ್ತಿನಲ್ಲಿ ಕೂತು ಹೊಲಕ್ಕೂ ಹೋಯಿತು, ಬೀಗರ ಮನೆಗೂ ಹೋಯಿತು, ಮಣ್ಣು ಕೊಡಲು ಹೋದಲ್ಲಿಗೂ ಹೋಯಿತು. ಲಗ್ನವಾಗಿ ಒಂಬತ್ತು ವರ್ಷವಾದರೂ ಲಗಮವ್ವನ ತೊಟ್ಟಿಲು ತೂಗಲಿಲ್ಲ. ಗಂಡನ ಮುಖ ಮಾತ್ರ ದಿನದಿನಕ್ಕೆ ಹಳದಿ ತಿರುಗುತ್ತಿತ್ತು.

ತೊಂಬತ್ತೆರಡನೆಯ ಇಸವಿ, ಹೋಳಿ ಹುಣ್ಣಿಮೆ ಇನ್ನೂ ಮುಂದಿತ್ತು. ಲಗಮವ್ವ ಗಂಡನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮಂಗಸೂಳಿಗೆ ಹೋದಳು. ಮಲ್ಲಯ್ಯನ ಮುಂದೆ ನಿಲ್ಲಿಸಿ, ಅಂಗೈ ತುಂಬ ಭಂಡಾರದ ಅರಿಷಿಣ ಹಿಡಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದಳು. ಆ ಕಡೆಯವರು ಏನು ಬೇಕಾದರೂ ಮುರಿದಾರು, ಮಲ್ಲಯ್ಯನ ಭಂಡಾರ ಹಿಡಿದು ಮಾಡಿದ ಆಣೆ ಮುರಿಯಲು ಎದೆ ನಡುಗುತ್ತದೆ. ಮಾಳಸಿದ್ದ ಮನೆಗೆ ಬಂದವನೇ ಪಾಕೀಟು ಬಿಟ್ಟ. ಒಂದೇ ಏಟಿಗೆ ಬಿಟ್ಟ!

ಮೂರನೆಯ ದಿನ ಮುಂಜಾನೆ ಅವನ ಮೈ ನಡುಗಲು ಶುರುವಾಯಿತು. ಕೈ, ಕಾಲು, ದವಡೆ ಎಲ್ಲ ಗಡಗಡ. ಮೈಯೆಲ್ಲ ಬೆವರು, ಕಣ್ಣು ಕೆಂಪು. ಮೇಲಿನ ಜಂತಿಯತ್ತ ಕೈ ತೋರಿಸಿ, "ಬಂತು, ಬಂತು, ಬಿಳಿ ಕುದರಿ ಬಂತು" ಎಂದು ಕೂಗಿದ. ಕೇಳಿದವರ ರೋಮ ನಿಂತವು. ಮಲ್ಲಯ್ಯ ಏರಿ ಬರುವುದು ಬಿಳಿ ಕುದುರೆಯನ್ನೇ ಅಲ್ಲವೇ? ಭಂಡಾರ ಹಿಡಿದವನ ಮೈಯಲ್ಲಿ ಸಾಕ್ಷಾತ್ ಮಲ್ಲಯ್ಯ ಬಂದ! ಸುದ್ದಿ ಓಣಿಯಿಂದ ಓಣಿಗೆ ಹಾರಿತು. ಜನ ಕಾಯಿ ಹಿಡಿದು ಬಂದರು. ಯಾರೋ ಡೊಳ್ಳು ತಂದರು. ಲಗಮವ್ವ ಸೆರಗು ಹೊದ್ದು, ಗಂಡನ ಹಣೆಗೆ ಮತ್ತಷ್ಟು ಭಂಡಾರ ಬಳಿದು, ಅವನ ಕಾಲಿಗೇ ಬಿದ್ದಳು.

"ಮಲ್ಲಯ್ಯಾ, ಮಳಿ ಯಾವಾಗ ಕೊಡ್ತಿಯಪಾ?" ಎಂದು ಒಬ್ಬ ಮುದುಕ ಕೈ ಮುಗಿದ.

"ಇರಬಿ! ಮೈಮ್ಯಾಲೆ ಇರಬಿ!" ಎಂದು ಮಾಳಸಿದ್ದ ಚೀರಿದ.

ಈ ಇರುವೆಯ ಮಾತಿನ ಅರ್ಥವೇನೆಂದು ಮುದುಕರು ತಲೆ ಕೆಡಿಸಿಕೊಂಡಿರುವಾಗಲೇ ಸಿಸ್ಟರ್ ಕುಸುಮ ಜನರನ್ನು ಸರಿಸುತ್ತ ಒಳಗೆ ಬಂದಳು. ಅಲಖನೂರು ಕಡೆಯ ಹುಡುಗಿ, ಊರಿನ ಉಪಕೇಂದ್ರದ ನರ್ಸು. ಮನೆಮನೆಗೆ ಹೋಗಿ ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಿದ್ದವಳು ಡೊಳ್ಳಿನ ಸಪ್ಪಳ ಕೇಳಿ ಬಂದಿದ್ದಳು. ದೇವರ ನಾಡಿ ಹಿಡಿದು ನೋಡಿದಳು. ನೋಡಿದವಳೇ ಡೊಳ್ಳಿನವನ ಕೋಲು ಕಸಿದುಕೊಂಡಳು.

"ಲಗಮಕ್ಕಾ, ದೇವರ ಬಂದಿಲ್ಲ, ದಾರು ಹೊಂಟೈತಿ. ಮೈಯಾಗಿಂದ ಒಮ್ಮೆಲೇ ಹೊಂಟ್ರ ಹಿಂಗ ಆಗತೈತಿ. ಹಿಂಗ ಬಿಟ್ರ ಜೀವಾ ಹೋಗತೈತಿ, ಏಳ್ರಿ!"

ಬಾಗಿಲಲ್ಲಿ ನಿಂತಿದ್ದ ಬಾಳಾಸಾಬ, "ಜೀವಾ ಉಳಿಸೂದು ಬಾಳ ಸಲೀಸ ಐತಿ ಬಿಡ್ರಿ. ಒಂದ್ ಪಾಕೀಟ ಬಾಯಾಗ ಹಾಕ್ರಿ, ಈಗಿಂದೀಗ ಎದ್ದ ಕೂಡ್ತಾನ" ಎಂದ. ಈ ಬಾಳಾಸಾಬ ಸಾರಾಯಿ ಗುತ್ತಿಗೆದಾರನ ಮನುಷ್ಯ. ಗುತ್ತಿಗೆದಾರನನ್ನು ಹುಣಸೀವಾಡಿಯಲ್ಲಿ ಯಾರೂ ಕಂಡವರಿಲ್ಲ, ಅವನ ಪರವಾಗಿ ಅಂಗಡಿ ನಡೆಸುವವನು, ನಗುವವನು, ಹೆದರಿಸುವವನು ಎಲ್ಲ ಈತನೇ. ಅವನ ಕೈಯಲ್ಲಿ ಪಾಕೀಟು ಸಿದ್ಧವಾಗಿಯೇ ಇತ್ತು. ಲಗಮವ್ವ ಪಾಕೀಟು ನೋಡಿದಳು, ಗಂಡನ ಅದುರುವ ದವಡೆ ನೋಡಿದಳು, ಕೊನೆಗೆ ಕುಸುಮಳ ಕೈ ಹಿಡಿದಳು. ಆವತ್ತು ಅವಳು ಹಿಡಿದ ಆ ಕೈಯನ್ನು ಮತ್ತೆ ಬಿಡಲೇ ಇಲ್ಲ ಎಂದು ಹೇಳಬಹುದು.

ದವಾಖಾನೆಯ ಜೀಪು ಬಂತು. ಡಾಕ್ಟರ್ ಉತ್ತಮ, ನಿಪ್ಪಾಣಿಯ ಜೈನರ ಮನೆಯವರು, ತಾವೇ ಹಿಂದೆ ಕೂತು ಮಾಳಸಿದ್ದನನ್ನು ಹಿಡಿದುಕೊಂಡರು. ವಾರ ಕಳೆದ ಮೇಲೆ ಮಾಳಸಿದ್ದ ಎದ್ದು ಕೂತು ಗಂಜಿ ಬೇಡಿದ. ಡಾಕ್ಟರು ಲಗಮವ್ವನನ್ನು ಹೊರಗೆ ಕರೆದು ಹೇಳಿದರು, "ವರ್ಷಾನುಗಟ್ಟಲೆ ಕುಡದವ್ರು ಒಮ್ಮೆಲೇ ಬಿಟ್ರ ಇದ ಹಣೆಬರಾ. ಬಿಡಬ್ಯಾಡ್ರಿ ಅನ್ನಾಂಗಿಲ್ಲ. ಆದ್ರ ನಮ್ಮ ಕಣ್ಣ ಮುಂದ ಬಿಡ್ರಿ, ಔಷಧ ಕೊಟ್ಟ ಬಿಡಸ್ತೀವಿ. ಇನ್ನೊಂದ ಮಾತು, ತಂಗೀ. ನಿನ್ನ ಗಂಡನ ಲಿವರ್ ಬಾಳ ಕೆಟ್ಟೈತಿ. ಮತ್ತ ಕುಡಿಯಾಕ ಹತ್ತಿದ್ರ ಹೊಟ್ಟಿಯೊಳಗ ನೀರ ತುಂಬತೈತಿ. ಆಮ್ಯಾಲೆ ನನ್ನ ಕೈಯಾಗೂ ಏನಿಲ್ಲ."

ಈ ಮಾತು ಲಗಮವ್ವನ ಎದೆಯಲ್ಲಿ ನೆಟ್ಟುಬಿಟ್ಟಿತು. ಅವಳು ನೇರ ಮಂಗಸೂಳಿಗೆ ಹೋಗಿ ಪೂಜಾರಿಯ ಮುಂದೆ ಕೂತಳು. ನಡೆದದ್ದನ್ನೆಲ್ಲ ಕೇಳಿದ ಪೂಜಾರಿ ಗಾಬರಿಯಾದ, ನಕ್ಕ, ಮತ್ತೆ ಗಾಬರಿಯಾದ. ಅಂದಿನಿಂದ ಆತ ಕುಡುಕರ ಕೈಗೆ ಭಂಡಾರ ಕೊಡುವಾಗ, "ಗುಡಿ ಇಳದವ್ನ ಸೀದಾ ದವಾಖಾನಿಗಿ ನಡಿ, ಇದೂ ಮಲ್ಲಯ್ಯಂದ ಅಪ್ಪಣಿ" ಎಂದು ಸೇರಿಸತೊಡಗಿದ. ದೇವರು, ಡಾಕ್ಟರು, ನರ್ಸು ಒಂದಾದರೆ ಏನಾಗುತ್ತದೆ ನೋಡಿ! ಬೆಳಿಗ್ಗೆ ಭಂಡಾರ, ಮಧ್ಯಾಹ್ನ ದವಾಖಾನೆಯ ಮಂಚ. ಪಿಂಪಳವಾಡಿಯ ನರ್ಸು ಸೋನಾಬಾಯಿ ಕೂಡ ತನ್ನ ಊರಿನವರನ್ನು ಹಳ್ಳ ದಾಟಿಸಿ ಇಲ್ಲಿಗೇ ಕಳಿಸಿದಳು. ಯಾವ ರಾಜ್ಯದ ರೋಗಿ ಎಂದು ಉತ್ತಮ ಡಾಕ್ಟರು ಕೇಳಲಿಲ್ಲ.

ಅಂಗಡಿಯಲ್ಲಿ ನೊಣ ಹಾರಾಡಲು ಶುರುವಾದಾಗ ಬಾಳಾಸಾಬ ಸುಮ್ಮನಿರುವ ಆಸಾಮಿಯೇ? ಸಂತೆಯಲ್ಲಿ ಒಂದು ಗುಸುಗುಸು ಬಿಟ್ಟ: ದವಾಖಾನೆಯಲ್ಲಿ ಕೊಡುವ ಸೂಜಿ ಕುಡಿತ ಬಿಡಿಸುವುದಲ್ಲ, ಮಕ್ಕಳಾಗುವುದನ್ನು ಬಿಡಿಸುವುದು, ಸಂತಾನ ತಡೆಯುವ ಆಪರೇಶನ್ ಲೆಕ್ಕ ತುಂಬಲು ಸರಕಾರ ಹೊಸ ದಾರಿ ಹುಡುಕಿದೆ. ಅಷ್ಟೇ ಸಾಕಾಯಿತು. ಆಪರೇಶನ್ ಎಂದರೆ ಗಂಡಸರು ಕಬ್ಬಿನ ಗದ್ದೆಯಲ್ಲಿ ಅಡಗುತ್ತಿದ್ದ ಕಾಲದ ನೆನಪು ಇನ್ನೂ ಹಸಿಯಾಗಿತ್ತು. ಮಂಚಗಳು ಖಾಲಿಯಾದವು. ಕುಸುಮ ಮನೆಮನೆಗೆ ಹೋಗಿ ಹೇಳಿ ಹೇಳಿ ಗಂಟಲು ಕಟ್ಟಿಕೊಂಡಳು.

ಆಗ ಒಂದು ದಿನ ಗಿರಣಿಯ ಮುಂದೆ, ಹಿಟ್ಟಿಗೆ ಬಂದ ಹೆಂಗಸರ ಸಾಲಿನಲ್ಲಿ ನಿಂತಿದ್ದ ಲಗಮವ್ವ ಸೆರಗು ಬಾಯಿಗೆ ಹಿಡಿದು ಗೋಡೆಯ ಬದಿಗೆ ಓಡಿ ವಾಂತಿ ಮಾಡಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಂಬತ್ತು ವರ್ಷದ ಮೇಲೆ! ಅದೂ ಆ ಸೂಜಿ ಚುಚ್ಚಿಸಿಕೊಂಡ ಗಂಡನಿಗೆ! ಲಗಮವ್ವ ಬಾಯಿ ಒರೆಸಿಕೊಂಡು, ಹಳ್ಳದಾಚೆಗೂ ಕೇಳುವ ಹಾಗೆ, "ಬಾಳಾಸಾಬಗ ಹೇಳ್ರೇ! ಸೂಜಿ ಚಲೋ ಹತ್ತೇತಿ ಅಂತ ಹೇಳ್ರಿ!" ಎಂದಳು. ಆವತ್ತು ಗಿರಣಿಯ ಮುಂದೆ ಎದ್ದ ನಗುವಿಗೆ ಊರಿಗೆ ಊರೇ ಹಗುರಾಯಿತು. ವಾರದೊಳಗೆ ಮಂಚಗಳು ತುಂಬಿದವು.

ಅದೇ ಹುರುಪಿನಲ್ಲಿ ಹೆಂಗಸರು ಸಾರಾಯಿ ಅಂಗಡಿಯ ಮುಂದೆ ಒರಳು ಬೀಸುಕಲ್ಲು ತಂದಿಟ್ಟು ಅಲ್ಲೇ ಕುಟ್ಟಲು, ಬೀಸಲು ಕೂತರು. ಹೆಂಡತಿಯೋ ತಾಯಿಯೋ ಬೀಸುತ್ತ ಕೂತ ಅಂಗಡಿಗೆ ಯಾವ ಗಂಡಸು ಹೋದಾನು? ಅಬಕಾರಿ ಸಾಹೇಬರು ಬಂದು, ಅಳತೆ ಹಿಡಿಸಿ, ಅಂಗಡಿ ಶಾಲೆಗೆ ತೀರ ಹತ್ತಿರವಾಯಿತು, ಊರ ಹೊರಗೆ ಒಯ್ಯಿರಿ ಎಂದು ಹುಕುಂ ಕೊಟ್ಟರು. ಬಾಳಾಸಾಬ ತಲೆಬಾಗಿ, "ಹೌದ್ರಿ ಸಾಹೇಬ್ರ, ಒಯ್ಯತೀನ್ರಿ" ಎಂದ. ಅವನ ನಗುವನ್ನು ಆವತ್ತೇ ಅರ್ಥ ಮಾಡಿಕೊಳ್ಳಬೇಕಿತ್ತು.

ಒಯ್ದ. ಎಲ್ಲಿಗೆ? ಹಳ್ಳದ ಆಚೆ ದಂಡೆಗೆ. ಹುಣಸೀವಾಡಿಯಿಂದ ಕಾಣುವ ಹಾಗೆ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ, ಅವವೇ ಪಾಕೀಟು ಮಾರಲು ಕೂತ. ಇಲ್ಲಿನ ಪೊಲೀಸರನ್ನು ಕೇಳಿದರೆ ಹಳ್ಳದಾಚೆ ನಮ್ಮ ಹದ್ದಲ್ಲ ಎಂದರು. ಅಲ್ಲಿನವರನ್ನು ಕೇಳಿದರೆ ಮಾಲು ಕರ್ನಾಟಕದ್ದು, ಅಲ್ಲೇ ಕೇಳಿ ಎಂದರು. ಕುಸುಮ ಈ ದಂಡೆಯಲ್ಲಿ, ಸೋನಾಬಾಯಿ ಆ ದಂಡೆಯಲ್ಲಿ ನಿಂತು ಕೈ ಹಿಸುಕಿಕೊಂಡರು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಎಂದರೆ ಅಂಗಡಿ ನಿಂತ ಹೊಲ ಜಕ್ಕಪ್ಪನದು. ಲಗಮವ್ವನ ಸ್ವಂತ ಅಣ್ಣನದು! "ತವರಿನ ಮ್ಯಾಲೆ ಕಲ್ಲ ಒಗಿಯೋ ಹೆಣಮಗಳು ಇನ್ನೂ ಹುಟ್ಟಿಲ್ಲ" ಎಂದು ಬಾಳಾಸಾಬ ಸಂತೆಯಲ್ಲಿ ಹೇಳಿಕೊಂಡು ತಿರುಗಿದ. ಅವನಿಗೆ ಈ ಸೀಮೆಯ ಹೆಂಗಸರ ಮನಸ್ಸು ಚೆನ್ನಾಗಿ ಗೊತ್ತಿತ್ತು, ಅದನ್ನಂತೂ ಒಪ್ಪಲೇಬೇಕು.

ಲಗಮವ್ವ ಅಣ್ಣನ ಬಳಿಗೆ ಓಡಿದಳು. ಜಕ್ಕಪ್ಪ ಕಣ್ಣು ತಪ್ಪಿಸಿ ಮಾತಾಡಿದ.

"ನಾ ಕುಡೀತೀನೇನ ಬೇ? ಜಾಗಾ ಕೊಟ್ಟೀನಿ. ಬಾವಿ ತೋಡಸಬೇಕು, ಬಾಡಗಿ ಬರ್ತೈತಿ. ಕುಡಿಯೋರು ಕುಡೀತಾರ, ಬಿಡೋರು ಬಿಡ್ತಾರ. ಕೊಟ್ಟ ಹೆಣ್ಣ ತವರಿನ ಹೊಲದಾಗ ಬಾಯಿ ಹಾಕಬಾರದು, ತಿಳೀತಿಲ್ಲ?"

ಅವಳು ತಿರುಗಿ ಬಂದಳು. ಆ ಮಳೆಗಾಲದ ಒಂದು ಸಂಜೆ ಮಾಳಸಿದ್ದ ಮನೆಗೆ ಬರಲಿಲ್ಲ. ಹುಡುಕಿದಾಗ ಅಣ್ಣನ ಹೊಲದ ಬದುವಿನಲ್ಲಿ, ಆ ತಗಡಿನ ಹಿಂದೆ, ಆಣೆ ಮರೆತು ಕುಡಿದು ಕೆಸರಿನಲ್ಲಿ ಬಿದ್ದಿದ್ದ. ಬಸುರಿ ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಳು. ಡಾಕ್ಟರು ಹೇಳಿದ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಗಂಡ ಬದುಕಬೇಕೆಂದರೆ ಆ ಅಂಗಡಿ ಹೋಗಬೇಕು. ಅಂಗಡಿ ಹೋಗಬೇಕೆಂದರೆ ತವರು ಹೋಗುತ್ತದೆ. ಎರಡರಲ್ಲಿ ಒಂದು. ಹೆಣ್ಣಿಗೆ ಇಂಥ ಲೆಕ್ಕ ಹಾಕಿಕೊಟ್ಟವನ ಕೈ ಸೇದಿಹೋಗಲಿ!

ಪಂಚಮಿ ಬಂತು. ಎಂದಿನಂತೆ ಜಕ್ಕಪ್ಪ ಗಾಡಿ ಹೂಡಿಕೊಂಡು ಕರೆಯಲು ಬಂದ. ಎಂದಿನಂತೆ ಲಗಮವ್ವ ಹೋದಳು. ಅತ್ತಿಗೆ ಗಂಗೂಬಾಯಿ ರೊಟ್ಟಿ ನಿವಾಳಿಸಿ, ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡಳು. ಬಸುರಿ ಎಂದು ಎಳ್ಳಿನ ಉಂಡೆ ಕೊಡದೆ ಶೇಂಗಾದ ಉಂಡೆಯನ್ನೇ ಎರಡೆರಡು ಕೊಟ್ಟಳು. ಹುತ್ತಕ್ಕೆ ಹಾಲೆರೆದದ್ದಾಯಿತು. ಹುಡುಗಿಯರು ಜೋಕಾಲಿ ಜೀಕಿದ್ದಾಯಿತು. ಅಂಗಡಿಯ ಮಾತನ್ನು ಅಣ್ಣನೂ ಎತ್ತಲಿಲ್ಲ, ತಂಗಿಯೂ ಎತ್ತಲಿಲ್ಲ.

ಹೊರಡುವ ದಿನ ಬಂತು. ಆ ದಿನ ವಾರ ಚೆನ್ನಾಗಿತ್ತೆಂದು ಹುಣಸೀವಾಡಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಒಟ್ಟಿಗೇ ಹೊರಟಿದ್ದರು. ಮನೆಮನೆಯಲ್ಲಿ ಉಡಿ ತುಂಬುವ ಸಡಗರ. ತವರಿಂದ ಹೊರಡುವ ಮಗಳ ಸೆರಗಿಗೆ ಗೋದಿ, ಕಾಯಿ, ಅರಿಷಿಣಬೇರು, ಕುಪ್ಪಸದ ಖಣ ತುಂಬಿ ಕಳಿಸದ ಮನೆ ಆ ಸೀಮೆಯಲ್ಲಿ ಇಲ್ಲ. ಬಡವರಾದರೆ ಒಂದು ಹಿಡಿ ಜೋಳವನ್ನಾದರೂ ಹಾಕುತ್ತಾರೆ. ಬಸುರಿಯ ಉಡಿಯಂತೂ ಎರಡು ಜೀವದ ಉಡಿ. ಗಂಗೂಬಾಯಿ ತುಂಬಿದ ಮೊರ ಹಿಡಿದು ಹೊಸ್ತಿಲ ಬಳಿ ನಿಂತಳು. ಲಗಮವ್ವ ಸೆರಗು ಒಡ್ಡಿದಳು. ಆದರೆ ಅತ್ತಿಗೆಯ ಕಡೆಗಲ್ಲ, ಅಣ್ಣನ ಕಡೆಗೆ.

"ದಾದಾ, ಗೋದಿ ಬ್ಯಾಡ, ಕಾಯಿ ಬ್ಯಾಡ, ಖಣಾನೂ ಬ್ಯಾಡ. ಆ ಅಂಗಡಿ ಕಿತ್ತ ನನ್ನ ಉಡ್ಯಾಗ ಹಾಕು."

ಜಕ್ಕಪ್ಪನ ಮುಖ ಕೆಂಪಾಯಿತು. "ಹಬ್ಬಕ್ಕ ಬಂದು ಏನ್ ಹುಚ್ಚ ಮಾತ ಬೇ! ತುಂಬಿಸ್ಕೊಂಡ ಸುಮ್ಮನ ನಡಿ."

"ನನ್ನ ಗಂಡ ನಿನ್ನ ಹೊಲದಾಗ ಸಾಯಾಕತ್ತಾನ. ಈ ಕೂಸಿಗಿ ತವರ ಬೇಕೋ, ಅಪ್ಪ ಬೇಕೋ, ನೀನ ಹೇಳು. ನಾ ಕಲ್ಲ ಒಗಿಯಾಂಗಿಲ್ಲ, ಬಾಯಿ ಮಾಡಾಂಗಿಲ್ಲ. ಬೇಡಾಕತ್ತೀನಿ. ಕೊಟ್ರ ಕೊಡು, ಇಲ್ಲಂದ್ರ ಬರೇ ಉಡ್ಯಾಗ ಹೋಗ್ತೀನಿ."

ಓಣಿಯಲ್ಲಿ ಜನ ನಿಂತರು. ಜಕ್ಕಪ್ಪ ಹಲ್ಲು ಕಚ್ಚಿ ಬೆನ್ನು ತಿರುಗಿಸಿದ. ಲಗಮವ್ವ ಒಡ್ಡಿದ ಸೆರಗನ್ನು ಒಮ್ಮೆ ಝಾಡಿಸಿದಳು, ಹೊಟ್ಟೆಯ ಮೇಲೆ ಎಳೆದುಕೊಂಡಳು, ಹೊಸ್ತಿಲು ಇಳಿದು ನಡೆದೇಬಿಟ್ಟಳು. ಬಸುರಿ ಮಗಳು ತವರಿಂದ ಬರಿಯ ಉಡಿಯಲ್ಲಿ ಹೊರಟಳು! ಬಾಯಿಗೆ ಬಾಯಿ ತಾಗಿ ಸುದ್ದಿ ಮನೆಮನೆ ಹೊಕ್ಕಿತು. ಮೂರನೆಯ ಮನೆಯ ಮಲಕವ್ವ, ಅರ್ಧ ತುಂಬಿದ್ದ ಉಡಿಯನ್ನು ತಾಯಿಯ ಮೊರಕ್ಕೇ ತಿರುಗಿ ಸುರಿದು ಹಿಂದೆ ಬಂದಳು. ಅವಳ ಗಂಡನೂ ಆ ತಗಡಿನ ಗಿರಾಕಿಯೇ. ಇನ್ನೊಬ್ಬಳು ಬಂದಳು. ಮತ್ತೊಬ್ಬಳು ಅಳುತ್ತ ಬಂದಳು. ಹಳ್ಳ ಮುಟ್ಟುವಷ್ಟರಲ್ಲಿ ಹುಣಸೀವಾಡಿಗೆ ಕೊಟ್ಟ ಪಿಂಪಳವಾಡಿಯ ಹೆಣ್ಣುಮಕ್ಕಳೆಲ್ಲ ಒಬ್ಬಳೂ ಉಳಿಯದೆ ಬರಿಯ ಸೆರಗಿನಲ್ಲಿ ನೀರಿಗೆ ಇಳಿದಿದ್ದರು. ಬಾಳಾಸಾಬ ತಗಡಿನ ಕೆಳಗಿನಿಂದ ಎದ್ದು ನಿಂತು ಬಾಯಿ ತೆರೆದು ನೋಡಿದ. ಯಾರೂ ಅವನತ್ತ ಕಲ್ಲು ಒಗೆಯಲಿಲ್ಲ, ಬೈಯಲಿಲ್ಲ. ಆ ಹಳ್ಳದಲ್ಲಿ ಅಷ್ಟು ಸದ್ದಿಲ್ಲದೆ ಲಗಮವ್ವ ಎಂದೂ ನಡೆದಿರಲಿಲ್ಲ.

ಆ ರಾತ್ರಿ ಪಿಂಪಳವಾಡಿಯಲ್ಲಿ ಏನಾಯಿತೆಂದು ಸೋನಾಬಾಯಿ ಆಮೇಲೆ ಹೇಳಿದಳು. ತಾಯಂದಿರು ಒಲೆ ಹೊತ್ತಿಸಲಿಲ್ಲವಂತೆ. ಒಬ್ಬೊಬ್ಬರೇ ಜಕ್ಕಪ್ಪನ ಕಟ್ಟೆಗೆ ಬಂದು ಕೂತರಂತೆ. ಊರಿನ ಹೆಣ್ಣುಮಕ್ಕಳು ಪಂಚಮಿಯಲ್ಲಿ ಬರಿಗೈಲಿ ಹೋದರು, ಇನ್ನು ಈ ಊರಿಗೆ ಯಾವ ಒಳ್ಳೆಯದು ಬರುತ್ತದೆ ಎಂದು ಕೇಳಿದರಂತೆ. ಬಾಡಿಗೆ ಇಮ್ಮಡಿ ಕೊಡುತ್ತೇನೆ ಎಂದು ಬಾಳಾಸಾಬ ಬಂದಾಗ, ಗಂಗೂಬಾಯಿ ಒನಕೆ ಹಿಡಿದು ಬಾಗಿಲಲ್ಲಿ ನಿಂತಳಂತೆ.

ಮರುದಿನ ಮುಂಜಾನೆ ಲಗಮವ್ವ ಅಂಗಳ ಗುಡಿಸುತ್ತಿದ್ದಳು. ಹಳ್ಳದ ಕಡೆಯಿಂದ ಕಿವಿ ತೂತಾಗುವ ಹಾಗೆ ತಗಡಿನ ಸದ್ದು ಬಂತು. ಜನ ಓಡಿದರು. ಮಾಳಸಿದ್ದ ಓಡಿದ, ಕುಸುಮ ಓಡಿದಳು, ಲಗಮವ್ವ ಪೊರಕೆ ಹಿಡಿದೇ ಓಡಿದಳು. ಜಕ್ಕಪ್ಪನ ಗಾಡಿ ನೀರು ಸೀಳಿಕೊಂಡು ಬರುತ್ತಿತ್ತು. ಗಾಡಿಯ ತುಂಬ ಅಂಗಡಿಯ ತಗಡು, ಕಂಬ, ಬಾಗಿಲು! ಅದರ ಮೇಲೆ ಮೊರ ಹಿಡಿದು ಗಂಗೂಬಾಯಿ ಕೂತಿದ್ದಳು. ಆಚೆ ದಂಡೆಯಲ್ಲಿ ನಾಲ್ಕು ಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಹುಣಸೀವಾಡಿಯವರು ಕೂಗಿದ ಕೂಗು ಮಂಗಸೂಳಿಗೆ ಕೇಳಿರಬೇಕು.

ಜಕ್ಕಪ್ಪ ಇಳಿದ. ಅಂಗೈ ತಗಡಿಗೆ ಹರಿದು ರಕ್ತ ಸುರಿಯುತ್ತಿತ್ತು. ತಂಗಿಯ ಮುಖ ನೋಡಲಾರದೆ ಎತ್ತಿನ ಕೊರಳು ಸವರುತ್ತ ನಿಂತ. "ಉಡಿ ತಂದೀನಿ, ತಗೋ" ಎಂದ.

ಮಾಳಸಿದ್ದ ಯಾರೂ ಹೇಳದೆಯೇ ಮುಂದೆ ಬಂದು ತಗಡು ಇಳಿಸತೊಡಗಿದ. ಇಳಿಸಿದ ಮೇಲೆ ಕುಸುಮಳ ಬಳಿ ಹೋಗಿ, ತಲೆ ಕೆಳಗೆ ಹಾಕಿ, "ಸಿಸ್ಟರ್ ಬಾಯಾರ, ಮಂಚ ಖಾಲಿ ಐತೇನ್ರಿ?" ಎಂದು ಕೇಳಿದ. ಕುಸುಮ ಐತಿ ಎನ್ನುವುದರೊಳಗೆ ಅವಳ ಕಣ್ಣು ತುಂಬಿ ಬಂದವು. ಗಂಗೂಬಾಯಿ ಮೊರ ಹಿಡಿದು ಲಗಮವ್ವನ ಸೆರಗಿಗೆ ಕೈ ಹಾಕಿದಳು.

"ಇಲ್ಲಲ್ಲ, ವೈನಿ," ಎಂದು ಲಗಮವ್ವ ಹಿಂದೆ ಸರಿದಳು. "ಇಲ್ಲಿ ತುಂಬಿದ್ರ ನಡಿಯಾಂಗಿಲ್ಲ. ತವರ ಮನಿ ಹೊಸ್ತಲದಾಗ ನಿಂತ ತುಂಬಿಸ್ಕೊಂಡ ಬರ್ತೀನಿ." ಪೊರಕೆ ಕುಸುಮಳ ಕೈಗೆ ಕೊಟ್ಟು, ಆ ಮಾಸಿದ ಸೀರೆಯಲ್ಲೇ ಖಾಲಿ ಗಾಡಿ ಹತ್ತಿ ಅತ್ತಿಗೆಯ ಪಕ್ಕ ಕೂತಳು.

ಗಾಡಿ ಮತ್ತೆ ನೀರಿಗೆ ಇಳಿಯಿತು. ನಡುಹಳ್ಳದಲ್ಲಿ, ಈಚೆಗೂ ಅಲ್ಲದ ಆಚೆಗೂ ಅಲ್ಲದ ಜಾಗದಲ್ಲಿ ಜಕ್ಕಪ್ಪ ಎತ್ತು ನಿಲ್ಲಿಸಿದ. ಹಿಂದೆ ತಿರುಗಿ ನೋಡದೆಯೇ ಕೇಳಿದ, "ಕೂಸಿಗಿ ನನ್ನ ಮ್ಯಾಲೆ ಬಾಳ ಸಿಟ್ಟ ಬಂದಿರಬೇಕಲ್ಲ ಬೇ?"

"ಬಂದಿತ್ತಪಾ, ಬರಲಾರದೇನ?" ಎಂದಳು ಲಗಮವ್ವ. ಹಾಗೆ ಅನ್ನುತ್ತಲೇ ಗಪ್ಪನೆ ಹೊಟ್ಟೆಗೆ ಕೈ ಒತ್ತಿಕೊಂಡಳು. ಅವಳ ಮುಖ ಅರಳಿತು. ಇದೇ ಮೊದಲ ಸಲ. "ದಾದಾ! ಒದೀತ ನೋಡು! ಈಗ ಒದೀತು!"

ಜಕ್ಕಪ್ಪ ಹಗ್ಗ ಬಿಟ್ಟು, ಹರಿದ ಅಂಗೈಯಲ್ಲೇ ಮುಖ ಮುಚ್ಚಿಕೊಂಡು, ಎರಡೂ ದಂಡೆಯ ಜನ ನೋಡುತ್ತಿದ್ದಂತೆ ಜೋರಾಗಿ ಅತ್ತುಬಿಟ್ಟ. ಎತ್ತುಗಳು ಅವನಿಗಾಗಿ ಕಾಯಲಿಲ್ಲ. ತಾವೇ ದಂಡೆ ಏರಿ ಮನೆಯ ದಾರಿ ಹಿಡಿದವು.